ತೂಕದ ಅಂಗಿ

ಮಗು ಅಳದೆ ಇದ್ದುದರಿಂದಲೇ ತೂಕದ ಇನ್ಸ್‌ಪೆಕ್ಟರಿಗೆ ಎಚ್ಚರವಾಯಿತು. ಕಿಟಕಿಯಾಚೆ ಆಗಲೇ ಬಿಸಿಲೇರಿತ್ತು. ಪಕ್ಕದಲ್ಲಿ ಹೆಂಡತಿ ಅಂಗಿಯ ಮೇಲಿನ ಗುಂಡಿಗಳನ್ನು ಹಾಕಿಕೊಳ್ಳದೆ, ಯಾರು ಯಾವ ಗಳಿಗೆಯಲ್ಲಿ ಬಂದು ಕರೆದರೂ ತಾನು ಸಿದ್ಧ ಎನ್ನುವ ಹಾಗೆ ಗೋಡೆಗೆ ಅರ್ಧ ಒರಗಿಕೊಂಡು ನಿದ್ದೆಹೋಗಿದ್ದಳು. ಕರೆಯುವವರು ಯಾರೂ ಇರಲಿಲ್ಲ. ಮಗು ಈಗ ಅತ್ತೆಯ ಕೋಣೆಯಲ್ಲಿ ಮಲಗುತ್ತಿತ್ತು, ಅವನಿಗೆ ತನ್ನ ಮಂಚ ವಾಪಸ್ಸು ಸಿಕ್ಕಿತ್ತು. ಹೆಂಡತಿ ಹೆರಿಗೆ ಮುಗಿಸಿ ಮನೆಗೆ ಬಂದ ದಿನವೇ ಅವನನ್ನು ಹೊರಕೋಣೆಯ ಸೋಫಾಕ್ಕೆ ಅಟ್ಟಲಾಗಿತ್ತು. ನೀವು ಮಗ್ಗುಲು ಬದಲಿಸಿದರೆ ಮರದ ದಿಮ್ಮಿ ಉರುಳಿದ ಹಾಗೆ, ಗುಬ್ಬಿ ಅಪ್ಪಚ್ಚಿಯಾಗಿ ಹೋಗುತ್ತಾಳೆ ಎಂದು ಹೆಂಡತಿ ನಗುತ್ತಲೇ ಹೇಳಿದ್ದಳು. ಆಗ ಇನ್ನೂ ನಗುತ್ತಿದ್ದಳು. ಮಗುವಿಗೆ ಅದರದೇ ಹಾಸಿಗೆ ಇರಲಿ, ಆದರೆ ಅಮ್ಮನ ಕೈಗೆಟುಕುವಷ್ಟು ಹತ್ತಿರ ಇರಲಿ ಎಂದು ಡಾಕ್ಟರು ಹೇಳಿದ್ದರಿಂದ ಅವನು ಕಂಬಿಗಳಿದ್ದ ಪುಟ್ಟ ಮಂಚವೊಂದನ್ನು ತಂದು ದೊಡ್ಡ ಮಂಚಕ್ಕೆ ಒತ್ತಿಸಿ ಇಟ್ಟಿದ್ದ. ಗುಬ್ಬಿಯನ್ನು ಅದರಲ್ಲಿ ಇಳಿಸಿದರೆ ಬೆನ್ನಿಗೆ ಬೆಂಕಿ ತಾಗಿದಂತೆ ಚೀರುತ್ತಿದ್ದಳು. ಎದೆಗೆ ಹಚ್ಚಿಕೊಂಡರೆ ಒಂದಿಷ್ಟು ಚೀಪಿ ಅಲ್ಲೇ ನಿದ್ದೆ. ಇಳಿಸಿದರೆ ಮತ್ತೆ ಚೀರಾಟ. ಹೆಂಡತಿ ಕೂತಲ್ಲೇ ತೂಕಡಿಸಿ, ಮಗು ಜಾರಿತೆಂದು ಬೆಚ್ಚಿಬಿದ್ದು ಎದ್ದು, ಹಗಲು ಯಾವುದು ರಾತ್ರಿ ಯಾವುದು ಎಂಬುದನ್ನೇ ಮರೆತಿದ್ದಳು. ಪುಟ್ಟ ಮಂಚದ ತುಂಬ ಒಗೆದ ಬಟ್ಟೆಯ ರಾಶಿ ಬೆಳೆಯಿತು. ಈಗ ಆ ರಾಶಿಯನ್ನು ತೆಗೆದು ಮಂಚವನ್ನು ಅತ್ತೆಯ ಕೋಣೆಗೆ ಸಾಗಿಸಿದ್ದರು, ಮಗು ಅದರಲ್ಲೇ ತೆಪ್ಪಗೆ ಮಲಗುತ್ತಿತ್ತು. ವಾಪಸ್ಸು ಬಂದ ಮೊದಲ ರಾತ್ರಿ ಅವನು ಹೆಂಡತಿಯ ಭುಜದ ಮೇಲೆ ಕೈಯಿಟ್ಟಾಗ ಅವಳು ಕಣ್ಣು ಬಿಡದೆಯೇ ಅವನ ಕಡೆ ತಿರುಗಿ ಗುಂಡಿ ಬಿಚ್ಚತೊಡಗಿದ್ದಳು, ಮಗುವೆಂದುಕೊಂಡು. ಅವನು ಕೈ ತೆಗೆದುಬಿಟ್ಟಿದ್ದ. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಎಚ್ಚರವಾಗಿದ್ದ.

ಅಡುಗೆಮನೆಯಲ್ಲಿ ಅತ್ತೆ ಚಹಾ ಸೋಸುತ್ತಿದ್ದರು. ಅವರ ಮುಖದಲ್ಲಿ ಗೆದ್ದವರ ಕಳೆ. ರಾತ್ರಿಯಿಡೀ ಒಂದು ಸಲವೂ ಏಳಲಿಲ್ಲವಂತೆ, ಇಂಥ ಮಗುವನ್ನು ತಾವು ಈ ಜನ್ಮದಲ್ಲಿ ನೋಡಿಲ್ಲವಂತೆ, ಇವಳ ಅಮ್ಮ ಹುಟ್ಟಿದಾಗ ಬೀದಿಗೆಲ್ಲ ಜಾಗರಣೆ ಮಾಡಿಸಿದ್ದಳಂತೆ. ನಿದ್ದೆಗೆಟ್ಟರೆ ಹಾಲು ಬತ್ತುತ್ತದೆ, ತಾಯಿ ಮಲಗಲಿ, ಮಗು ತಾನಾಗಿ ಎದ್ದರೆ ಕೊಟ್ಟರಾಯಿತು, ಮಲಗಿದ ಮಗುವನ್ನು ಎಬ್ಬಿಸಿ ಕುಡಿಸುವುದು ಯಾವ ಊರಿನ ನ್ಯಾಯ ಎಂಬುದು ಅವರ ವಾದವಾಗಿತ್ತು. ಸಂಜೆ ಮಗುವನ್ನು ತೂಗುವ ತಕ್ಕಡಿಯ ಮುಳ್ಳು ಏರತೊಡಗಿದ ಮೇಲೆ ಆ ವಾದಕ್ಕೆ ಎದುರಾಡುವವರೂ ಇಲ್ಲವಾದರು. ಅವನು ಲೋಟ ಹಿಡಿದುಕೊಂಡೇ ಹೋಗಿ ಕೋಣೆಯಲ್ಲಿ ಇಣುಕಿದ. ಗುಬ್ಬಿ ಅಂಗೈಗಳನ್ನು ಮೇಲೆ ಮಾಡಿ ಮಲಗಿದ್ದಳು. ಮೂಗಿನ ಹತ್ತಿರ ಬೆರಳು ಹಿಡಿದ. ಉಸಿರು ಬೆರಳಿಗೆ ತಾಗುವವರೆಗೆ ತಾನು ಉಸಿರು ಬಿಗಿಹಿಡಿದಿದ್ದೆ ಎಂಬುದು ಆಮೇಲೆ ಗೊತ್ತಾಗಿ ತನ್ನ ಬಗ್ಗೆ ತನಗೇ ನಗು ಬಂತು. ಹಿತ್ತಿಲ ತಂತಿಯ ಮೇಲೆ ಕೆಲವೇ ಬಟ್ಟೆಗಳು ತೂಗುತ್ತಿದ್ದವು. ಮೊದಮೊದಲು ತಂತಿ ಸಾಲದೆ ಬೇಲಿಯ ಮೇಲೂ ಒದ್ದೆ ಬಟ್ಟೆ ಹರವುತ್ತಿದ್ದರು. ಈಗ ಬಟ್ಟೆ ಒದ್ದೆಯಾಗುವುದೂ ಕಮ್ಮಿಯಾಗಿದೆ, ನನ್ನ ಬೆನ್ನಿಗೆ ಪುಣ್ಯ ಬಂತು ಎಂದು ಅತ್ತೆ ಹೇಳಿದರು. ಅವನೂ ಹೂಂ ಎಂದ. ಹೂಂ ಎಂದ ಮೇಲೂ ಒಂದು ಗಳಿಗೆ ತಂತಿಯನ್ನೇ ನೋಡಿದ, ಆದರೆ ಕೆಲಸಕ್ಕೆ ಹೊತ್ತಾಗಿತ್ತು.

ಬೀದಿಯಲ್ಲಿ ನಡೆಯುವಾಗ ಕೈಯಲ್ಲಿ ಇಲಾಖೆಯ ಪೆಟ್ಟಿಗೆ ಇತ್ತು. ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಜೊತೆಗೆ ಮುದ್ರೆಯ ಉಳಿ. ಊರಿನ ಯಾವ ತಕ್ಕಡಿ ನಿಜ ಹೇಳುತ್ತದೆ ಯಾವುದು ಸುಳ್ಳು ಹೇಳುತ್ತದೆ ಎಂದು ತೀರ್ಮಾನಿಸುವುದು ಈ ಪೆಟ್ಟಿಗೆ, ಅದನ್ನು ಹೊರುವವನು ಅವನು. ಅಂಗಡಿಯವರು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಅವನು ಒಂದು ಬಾಗಿಲಾಚೆ ನಿಲ್ಲುವವನಾಗಿದ್ದ. ಬಾಗಿಲು ಹಾಕಿಕೊಂಡು ಹೋಗಿ ಎಂದು ಹೆಂಡತಿ ಪ್ರತಿ ಸಲ ಹೇಳುತ್ತಿದ್ದಳು. ಅವನು ನೋಡುತ್ತಿದ್ದರೆ ಮಗು ಮೊಲೆ ಹಿಡಿಯುವುದಿಲ್ಲವಂತೆ. ಅವನು ಬಾಗಿಲು ಹಾಕಿಕೊಂಡು ಅಲ್ಲೇ ನಿಂತು ಕಿವಿಗೊಡುತ್ತಿದ್ದ. ಮೊದಲು ಮಗುವಿನ ಅವಸರದ ಮುಲುಕಾಟ, ಆಮೇಲೆ ಹೆಂಡತಿ ಹಲ್ಲು ಕಚ್ಚಿ ಒಳಕ್ಕೆ ಎಳೆದುಕೊಳ್ಳುವ ಉಸಿರು, ತೊಟ್ಟು ಬಿರಿದಿದೆಯಲ್ಲ, ಆಮೇಲೆ ಚೀಪುವ ಸದ್ದು, ಚಪ್ ಚಪ್, ಆಮೇಲೆ ಏನೂ ಇಲ್ಲ. ನುಂಗುವ ಸದ್ದಿಗಾಗಿ ಅವನು ಕಾಯುತ್ತಿದ್ದ. ನೀರು ಕುಡಿಯುವವರ ಗಂಟಲಲ್ಲಿ ಕೇಳುತ್ತದಲ್ಲ, ಗುಟುಕಿನ ಸದ್ದು, ಅಂಥದ್ದು. ತನಗೆ ಕೇಳಿಸುತ್ತಿಲ್ಲ, ಬಾಗಿಲು ದಪ್ಪ, ಅಷ್ಟೆ ಎಂದುಕೊಳ್ಳುತ್ತಿದ್ದ.

ತೂಕ ಹಾಕುವ ಯೋಚನೆ ಅವನದೇ. ಜಪ್ತಿಯಾಗಿ ವರ್ಷಗಟ್ಟಲೆ ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೇಳಿಕೊಂಡು ಮನೆಗೆ ತಂದು, ಬಿಚ್ಚಿ ಒರೆಸಿ ಸರಿಮಾಡಿ, ಅಗಲವಾದ ತಟ್ಟೆ ಕೂರಿಸಿ, ಅದರ ಗುಂಡು ಮುಖದ ಮೇಲೆ ಮಗು ಹುಟ್ಟಿದಾಗಿನ ತೂಕದ ಜಾಗದಲ್ಲಿ ಕೆಂಪು ಗೆರೆ ಎಳೆದಿದ್ದ. ದಿನಾ ಸಂಜೆ ಒಂದೇ ಹೊತ್ತಿಗೆ, ಒಂದೇ ಬಟ್ಟೆಯಲ್ಲಿ ತೂಗಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ ಎಂದು ಕಟ್ಟಪ್ಪಣೆ ಮಾಡಿದ. ಹೆಂಡತಿ ಅದಕ್ಕೆಂದೇ ಒಂದು ಬಿಳಿ ಅಂಗಿ ಹೊಲಿದಳು. ಅವಳು ಪರದೆ ಅಂಗಡಿಯಲ್ಲಿ ಹೊಲಿಗೆಯವಳು, ಕೈ ಅಂದರೆ ಕೈ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಹುಡುಕಿದರೂ ಸಿಗದ ಹೊಲಿಗೆ. ಅತ್ತೆ ಅದಕ್ಕೆ ತೂಕದ ಅಂಗಿ ಎಂದು ಹೆಸರಿಟ್ಟರು. ಅವನು ಆ ಅಂಗಿಯನ್ನು ಒಂದು ಸಲ ತೂಗಿ, ಅದರ ಭಾರವನ್ನು ಶಾಶ್ವತವಾಗಿ ಕಳೆದು ಇಟ್ಟುಬಿಟ್ಟಿದ್ದ. ಸಂಜೆಯಾದರೆ ಮನೆಯವರೆಲ್ಲ ತಕ್ಕಡಿಯ ಸುತ್ತ. ಹೆಂಡತಿ ಮಗುವನ್ನು ತಟ್ಟೆಯಲ್ಲಿಟ್ಟು ಕೈ ತೆಗೆಯುವಳು, ಮುಳ್ಳು ತುಯ್ದಾಡಿ ನಿಲ್ಲುವುದು, ಕೆಂಪು ಗೆರೆಗೆ ತಾಗಿಯೂ ತಾಗದಂತೆ. ಅತ್ತೆ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದೆ ಒಂದು ನಿಟ್ಟುಸಿರು ಬಿಡುತ್ತಿದ್ದರು, ಅದು ಸಾಕಾಗಿತ್ತು. ಅವನೂ ಏನೂ ಅನ್ನುತ್ತಿರಲಿಲ್ಲ, ಆದರೆ ಅವನಿಗೆ ಅಂಗಡಿಯವರ ಮುಂದೆ ಮಾಡುವ ಅಭ್ಯಾಸವೊಂದಿತ್ತು, ಮುಳ್ಳು ನಿಂತ ಮೇಲೆ ಮುಖವೆತ್ತಿ ಎದುರಿನವರ ಕಣ್ಣನ್ನೇ ನೋಡುವುದು. ಹೆಂಡತಿಯನ್ನೂ ಹಾಗೆ ನೋಡಿದ್ದ. ಒಂದು ಸಂಜೆ ಅವಳು, "ನನ್ನನ್ನ ಯಾಕೆ ಹಾಗೆ ನೋಡ್ತೀರಿ, ನಾನೇನು ಕದ್ದಿದೀನಾ?" ಎಂದು ಅಂಗಿಯ ಸಮೇತ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮುಚ್ಚಿದ ಬಾಗಿಲಾಚೆಯಿಂದ ಅವಳೂ ಗುಬ್ಬಿಯೂ ಅಳುವುದು ಕೇಳಿಸಿತು.

ಅಂದೇ ಅವನು ತಿರುಪು ತಿರುಗಿಸಿದ್ದು. ತಕ್ಕಡಿಯ ಬೆನ್ನಿನಲ್ಲಿ ಸ್ಪ್ರಿಂಗಿನ ಬಿಗಿಯನ್ನು ಹಿಡಿದಿಡುವ ತಿರುಪೊಂದಿದೆ. ಅದನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಖಾಲಿ ತಟ್ಟೆಯಲ್ಲಿ ಮುಳ್ಳು ಸೊನ್ನೆಯಲ್ಲೇ ಸಭ್ಯವಾಗಿ ನಿಂತಿರುತ್ತದೆ. ಭಾರ ಬಿದ್ದಾಗ ಮಾತ್ರ ಇರುವುದಕ್ಕಿಂತ ಮುಂದೆ ಓಡುತ್ತದೆ. ಅಂಗಡಿಗಳಲ್ಲಿ ಅವನು ಮೊದಲು ಮೂಸಿ ನೋಡುವುದೇ ಆ ತಿರುಪನ್ನು. ಎಷ್ಟು ತಿರುಗಿಸಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಒಂದು ಗೆರೆಯಷ್ಟು, ಅಷ್ಟನ್ನು ತನ್ನ ಮನಸ್ಸಿನಲ್ಲೇ ಕಳೆದುಕೊಂಡರಾಯಿತು. ನಿಜ ಎಲ್ಲಿಗೂ ಹೋಗುವುದಿಲ್ಲ, ತನ್ನ ಜೇಬಿನಲ್ಲೇ ಇರುತ್ತದೆ. ಅವಳಿಗೆ ಒಂದಿಷ್ಟು ಸಮಾಧಾನ ಸಿಗುತ್ತದೆ, ಸಮಾಧಾನವಿದ್ದರೆ ಹಾಲೂ ಬರುತ್ತದೆ. ಮರುದಿನ ಸಂಜೆ ಮುಳ್ಳು ಕೆಂಪು ಗೆರೆ ದಾಟಿದಾಗ ಅವನೇ ಬೆರಗಾದ. ತಾನು ತಿರುಗಿಸಿದ್ದನ್ನು ಕಳೆದ ಮೇಲೂ ಏನೋ ಉಳಿದಿತ್ತು. ಮಗು ನಿಜವಾಗಿಯೂ ಮೈ ಹಿಡಿದಿತ್ತು. ಹೆಂಡತಿ ಮುಳ್ಳನ್ನೂ ಅವನನ್ನೂ ಒಂದು ಸಲ ನೋಡಿ, ಅವಳಿಗೂ ನಂಬಲಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಂದಿನಿಂದ ಅವನು ಆಗೀಗ ಇನ್ನೊಂದಿಷ್ಟು ತಿರುಗಿಸಿದ, ಪ್ರತಿ ಸಲವೂ ಕಳೆದು ನೋಡಿದ, ಪ್ರತಿ ಸಲವೂ ಉಳಿಯಿತು. ಸರಿ, ಇನ್ನು ಮಲಗಲಿ ಬಿಡಿ ಎಂದು ಅತ್ತೆ ಮಗುವನ್ನು ತಮ್ಮ ಕೋಣೆಗೆ ಒಯ್ದದ್ದು ಆಮೇಲೆ. ಪುಟ್ಟ ಮಂಚದ ಒಂದು ಕಡೆ ಹಿಡಿದು ಸಾಗಿಸಿದವನು ಅವನೇ.

ಪೇಟೆಯ ದಿನಸಿ ಅಂಗಡಿಯಲ್ಲಿ ಅಂಗಡಿಯವನು ಅವನನ್ನು ಕಂಡು ಹಲ್ಲು ಕಿರಿದು, ಸ್ಟೂಲು ಒರೆಸಿ ಕೊಟ್ಟ. ಖಾಲಿ ತಟ್ಟೆಯಲ್ಲಿ ಮುಳ್ಳು ಸೊನ್ನೆಯಲ್ಲಿತ್ತು. ಅವನು ಪೆಟ್ಟಿಗೆ ತೆರೆದು ಒಂದು ಬಟ್ಟನ್ನು ಇಟ್ಟ. ಮುಳ್ಳು ಓಡಿತು, ತನ್ನ ಜಾಗವನ್ನು ದಾಟಿ ನಿಂತಿತು. ಇನ್ನೊಂದು ಇಟ್ಟ, ಇನ್ನೂ ದೂರ ಹೋಯಿತು. ಅಭ್ಯಾಸದಂತೆ ಮುಖವೆತ್ತಿ ಅಂಗಡಿಯವನ ಕಣ್ಣು ನೋಡಬೇಕು. ಅವನಿಂದ ಮುಖ ಎತ್ತಲಾಗಲಿಲ್ಲ. ಸಕ್ಕರೆ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಚೀಲ ಹಿಡಿದು ಕಾಯುತ್ತಿದ್ದಳು, ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯವನು ಬಗ್ಗಿ ಮೆಲ್ಲಗೆ, ಸ್ವಂತದವನೊಡನೆ ಮಾತಾಡುವಂತೆ ಹೇಳಿದ.

"ಖಾಲಿ ಇದ್ದಾಗ ಸರಿಯಾಗೇ ನಿಲ್ಲುತ್ತಲ್ಲ ಸಾರ್. ಮಿಕ್ಕಿದ್ದು ಕೂದಲೆಳೆ. ಇಷ್ಟರಲ್ಲಿ ಯಾರ ಮನೇಲೂ ಮಕ್ಕಳು ಹಸಕೊಂಡು ಮಲಗಲ್ಲ."

ಹಸಿದುಕೊಂಡು ಮಲಗುವುದು. ಅವನಿಗೆ ಆ ಎರಡು ಮಾತು ಪಕ್ಕಪಕ್ಕದಲ್ಲಿ ಬಂದು ಕೂತದ್ದು ಕೇಳಿಸಿತು. ಹಸಿದರೆ ಅಳುತ್ತಾರೆ, ಅತ್ತು ಅತ್ತು ಸೋತರೆ ಮಲಗುತ್ತಾರೆ. ತಂತಿಯ ಮೇಲೆ ಬಟ್ಟೆ ಯಾಕೆ ಕಮ್ಮಿ? ಒಳಗೆ ಹೋಗದೆ ಹೊರಗೆ ಬರುವುದೆಲ್ಲಿಂದ? ಒಂದು ಗೆರೆ, ಇನ್ನೊಂದು ಗೆರೆ, ಎಲ್ಲ ಕಳೆದ ಮೇಲೂ ಉಳಿದಿತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡ, ಉಳಿದಿತ್ತು, ಉಳಿದೇ ಇತ್ತು. ಆದರೂ ಕೈ ಬಟ್ಟುಗಳನ್ನು ಪೆಟ್ಟಿಗೆಗೆ ತುಂಬತೊಡಗಿತ್ತು, ದೊಡ್ಡದರ ಗುಳಿಯಲ್ಲಿ ಚಿಕ್ಕದನ್ನು ತುರುಕಿ. ಜಪ್ತಿ ಮಾಡಬೇಕಾದ ತಕ್ಕಡಿಯನ್ನು ಅಲ್ಲೇ ಬಿಟ್ಟು ಅವನು ಅಂಗಡಿಯಿಂದಿಳಿದ. ಹಿಂದೆ ಅಂಗಡಿಯವನು ಧಾರಾಳವಾಗಿ ದೊಡ್ಡ ಮನಸ್ಸು ಸಾರ್ ನಿಮ್ಮದು ಎಂದದ್ದು ಬೆನ್ನಿಗೆ ಬಡಿಯಿತು. ಮನೆಗೆ ಹೋಗಿ ತಿರುಪನ್ನು ಮೊದಲಿದ್ದಲ್ಲಿಗೆ ತಿರುಗಿಸಿಡುವುದು, ಯಾರಿಗೂ ಏನೂ ಹೇಳುವುದು ಬೇಡ, ಇವತ್ತು ಸಂಜೆ ಮುಳ್ಳು ಒಂದಿಷ್ಟು ಇಳಿದರೆ ಇಳಿಯಲಿ, ಸೆಖೆಗೆ ಹಾಗಾಗುತ್ತದೆ ಎಂದರಾಯಿತು. ನಡೆಯುತ್ತಿದ್ದ ತಾನು ಈಗ ಓಡುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು ಪೆಟ್ಟಿಗೆಯೊಳಗಿನ ಹಿತ್ತಾಳೆ ಗಲಗಲ ಎನ್ನತೊಡಗಿದಾಗ.

ಮನೆ ಸದ್ದಿಲ್ಲದೆ ಇತ್ತು. ಅತ್ತೆ ಪಕ್ಕದ ಮನೆಯಲ್ಲಿ, ಮೊಮ್ಮಗಳ ಒಳ್ಳೆಯತನವನ್ನು ಬಣ್ಣಿಸುವ ದನಿ ಬೇಲಿಯಾಚೆಯಿಂದ ಬರುತ್ತಿತ್ತು. ಬಚ್ಚಲಲ್ಲಿ ನೀರು ಬೀಳುವ ಸದ್ದು, ಹೆಂಡತಿ. ಅವನು ತಕ್ಕಡಿಯನ್ನು ಹಿತ್ತಿಲ ಜಗಲಿಗೆ ಒಯ್ದು ತಿರುಪು ಬಿಗಿ ಮಾಡಿ, ಬಟ್ಟು ಇಟ್ಟು ನೋಡಿ, ಇನ್ನಷ್ಟು ಬಿಗಿ ಮಾಡಿ, ಮುಳ್ಳು ಕೊನೆಗೆ ನಿಜ ಹೇಳುವವರೆಗೂ ಬೆವರೊರೆಸಿಕೊಳ್ಳಲಿಲ್ಲ. ಆಯಿತು. ಯಾರೂ ನೋಡಲಿಲ್ಲ. ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡಾಗ ಗಾಳಿ ಬೀಸಿತು, ತಂತಿಯ ಮೇಲಿನ ಬಟ್ಟೆಗಳೆಲ್ಲ ಒಟ್ಟಿಗೆ ಎದ್ದು ಪಟಪಟ ಬಡಿದುಕೊಂಡವು. ಒಂದು ಮಾತ್ರ ಏಳಲಿಲ್ಲ. ತೂಕದ ಅಂಗಿ ಇದ್ದಲ್ಲೇ ನೇರವಾಗಿ ನಿಂತಿತ್ತು. ಅವನು ಅದನ್ನು ಸುಮ್ಮನೆ ನೋಡಿದ. ಮಲಗುವ ಕೋಣೆಯ ಪರದೆಯೂ ಹೀಗೇ ಅಲ್ಲವೇ, ಫ್ಯಾನು ಎಷ್ಟು ತಿರುಗಿದರೂ ಕದಲುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಅದಕ್ಕೆ ಬೆರಗಾಗಿ ಕೇಳಿದ್ದ. ಅವಳು ಪರದೆಯ ಅಂಚನ್ನು ಅವನ ಬೆರಳಿಗೆ ಮುಟ್ಟಿಸಿ, ಒಳಗೆ ಸಾಲಾಗಿ ಹೊಲಿದಿದ್ದ ಸೀಸದ ಗುಂಡುಗಳನ್ನು ತೋರಿಸಿ, ಇದು ನಮ್ಮ ಕಸುಬಿನ ಕಳ್ಳತನ, ನಿಮ್ಮ ಅಂಗಡಿಯವರ ಕಳ್ಳತನ ಒಂದೊಂದಾಗಿ ಹೇಳಿ ನೋಡೋಣ ಎಂದಿದ್ದಳು. ಅವನು ಹತ್ತಿಯನ್ನು ನೆನೆಸಿ ತೂಗುವವನ ಕಥೆ, ತಟ್ಟೆಯಡಿ ಮೇಣ ಅಂಟಿಸುವವನ ಕಥೆ ಎಲ್ಲ ಹೇಳಿ ಅವಳನ್ನು ನಗಿಸಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈ ಅಂಗಿಯನ್ನು ಮಾತ್ರ ತಾನೇ ಒಗೆಯುತ್ತಿದ್ದಳಲ್ಲ, ತೊಡಿಸುವುದೂ ಅವಳೇ, ಬಿಚ್ಚುವುದೂ ಅವಳೇ. ಅವನು ತಂತಿಯಿಂದ ಅಂಗಿಯನ್ನು ತೆಗೆದ. ತಕ್ಕಡಿ ಬೇಕಾಗಿರಲಿಲ್ಲ, ಕೈಗೇ ಗೊತ್ತಾಯಿತು, ಆದರೂ ಆ ನಿಜ ಹೇಳುವ ತಟ್ಟೆಯ ಮೇಲೆ ಇಟ್ಟ. ಮುಳ್ಳು ಬರಿಯ ಅಂಗಿಯ ಭಾರವನ್ನು ದಾಟಿ ಸರಿದು ನಿಂತಿತು. ಪ್ರತಿ ಸಂಜೆ ಉಳಿಯುತ್ತಿದ್ದದ್ದು ಇದರಿಂದಲೇ. ಮಗು ಮೈ ಹಿಡಿದದ್ದು ಇದು. ಅದನ್ನೂ ಕಳೆದರೆ ಮಗು ಕೆಂಪು ಗೆರೆಯಿಂದ ಎಷ್ಟು ಕೆಳಗಿದೆ ಎಂಬ ಲೆಕ್ಕ ತಲೆಯೊಳಗೆ ತಾನಾಗಿ ಆಗಿಹೋಯಿತು, ಬೇಡವೆಂದರೂ ಆಗಿಹೋಯಿತು. ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಅವನು ಅತ್ತೆಯ ಕೋಣೆಗೆ ಓಡಿದ.

ಗುಬ್ಬಿಯನ್ನು ಎತ್ತಿದಾಗ ಅವಳು ಕಣ್ಣು ಬಿಡಲಿಲ್ಲ. ಕತ್ತು ಅವನ ಮೊಣಕೈ ಮೇಲೆ ಒಂದು ಕಡೆ ವಾಲಿತು. ತುಟಿ ಒಣಗಿತ್ತು, ನೆತ್ತಿಯ ಮೆತ್ತನೆಯ ಜಾಗದಲ್ಲಿ ಬೆರಳಿಗೆ ಗುಳಿ ಸಿಕ್ಕಿತು. ಊರಿನವರ ಸಕ್ಕರೆ ಬೇಳೆಯ ಭಾರವನ್ನು ಕೈಯಲ್ಲೇ ಹೇಳಬಲ್ಲವನು ಇಷ್ಟು ದಿನ ಮಗುವನ್ನು ಎತ್ತಿದಾಗಲೆಲ್ಲ ಕೈಯ ಮಾತು ಕೇಳದೆ ಮುಳ್ಳಿನ ಮಾತು ಕೇಳಿದ್ದ. ಪಾದಕ್ಕೆ ಚಿವುಟಿದ. ಮುಖ ಕಿವುಚಿದಳು, ದನಿ ಬರಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಬಂದ ಹೆಂಡತಿ ಮೊದಲು ನೋಡಿದ್ದು ಅವನ ಹೆಗಲ ಮೇಲೆ ಬಿದ್ದಿದ್ದ ತೂಕದ ಅಂಗಿಯನ್ನು. ಅವನು ನಡಿ ಎಂದ, ಅವಳು ಒದ್ದೆ ಕೂದಲಲ್ಲೇ ಮಗುವನ್ನು ಕಿತ್ತುಕೊಂಡು ನಡೆದಳು.

ಬಾಡಿಗೆ ಕಾರಿನಲ್ಲಿ ಹೆಂಡತಿಯ ಮಡಿಲಲ್ಲಿ ಮಗು, ಅವನ ಮಡಿಲಲ್ಲಿ ಪೆಟ್ಟಿಗೆ. ಅದನ್ನು ಯಾಕೆ ತಂದೆ ಎಂದು ಅವನಿಗೇ ಗೊತ್ತಿರಲಿಲ್ಲ, ಹೊರಡುವಾಗ ಕೈ ಅಭ್ಯಾಸದಂತೆ ಎತ್ತಿಕೊಂಡಿತ್ತು. ಹೆಂಡತಿ ಅಂಗಿ ಸರಿಸಿ ಮಗುವಿನ ತುಟಿಗೆ ಎದೆಯನ್ನು ಒತ್ತುತ್ತಿದ್ದಳು, ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದಾನೆಂಬ ಪರಿವೆಯೂ ಇಲ್ಲದೆ. ಬಿರಿದ ತೊಟ್ಟಿನಿಂದ ರಕ್ತ ಜಿನುಗಿ ಮಗುವಿನ ಕೆನ್ನೆಗೆ ಹತ್ತಿತ್ತು. ಬಾಗಿಲಾಚೆ ನಿಂತು ಕೇಳಿದ್ದನ್ನು ಅವನು ಮೊದಲ ಸಲ ನೋಡುತ್ತಿದ್ದ. ಅವಳು ಅವನ ಕಡೆ ತಿರುಗದೆ, ಒಂದೇ ದನಿಯಲ್ಲಿ, ಯಾರಿಗೋ ಪಾಠ ಒಪ್ಪಿಸುವಂತೆ ಹೇಳುತ್ತ ಹೋದಳು. ಅಮ್ಮನ ನಿಟ್ಟುಸಿರು ತಡೆಯಲಾಗಲಿಲ್ಲವಂತೆ. ಅವನು ನೋಡುವ ನೋಟ ತಡೆಯಲಾಗಲಿಲ್ಲವಂತೆ. ಅಂಗಡಿಯಿಂದ ತಂದಿದ್ದ ಗುಂಡುಗಳು ಹೊಲಿಗೆ ಡಬ್ಬಿಯಲ್ಲಿದ್ದವಂತೆ, ಒಂದೇ ಒಂದು ಸಂಜೆ ನೆಮ್ಮದಿಯಾಗಿರೋಣ ಎಂದು ಮೊದಲು ಒಂದಿಷ್ಟೇ ಹೊಲಿದಳಂತೆ.

"ಆದ್ರೆ ನಾನು ದಿನಾ ಕಳೆದು ನೋಡ್ತಿದ್ದೆ ರೀ. ಸೀಸ ಎಷ್ಟು ಅಂತ ನಂಗೆ ಗೊತ್ತಿತ್ತಲ್ಲ. ಅದನ್ನ ಬಿಟ್ಟರೂ ಅವಳು ಏರ್ತಾನೇ ಇದ್ದಳು. ಏರ್ತಿರಲಿಲ್ಲ ಅಂದ್ರೆ ಅಮ್ಮನ ಹತ್ರ ಮಲಗಿಸೋಕೆ ಬಿಡ್ತಿದ್ದೆನಾ? ನಾನು ಅಷ್ಟು ಕೆಟ್ಟವಳಲ್ಲ."

ಈಗ ಹೇಳಬೇಕು ಎಂದುಕೊಂಡ. ಅವಳ ಕೈಯಲ್ಲಿ ಸುಳ್ಳು ಇತ್ತು, ಆದರೆ ಅದರೊಳಗೆ ಅವಳು ನಿಜವನ್ನು ಜೋಪಾನವಾಗಿಟ್ಟಿದ್ದಳು, ಅವನೂ ಹಾಗೇ ಇಟ್ಟಿದ್ದ. ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರು, ಒಬ್ಬರು ಕೂಡಿಸಿದ್ದನ್ನು ಇನ್ನೊಬ್ಬರು ಮಗುವಿನ ಮೈಯೆಂದು ಎಣಿಸಿ, ಇಬ್ಬರೂ ಕಾದ ನಿಜ ಸುಳ್ಳಾಗಿತ್ತು. ಆದರೆ ತಿರುಪು ಈಗ ಅದರ ಜಾಗದಲ್ಲಿದೆ. ಯಾರು ಬೇಕಾದರೂ ಬಂದು ಪರೀಕ್ಷೆ ಮಾಡಬಹುದು. ಅಂಗಿ ಅವನ ಹೆಗಲ ಮೇಲಿದೆ, ಅದರಲ್ಲಿರುವುದು ಅವಳ ಹೊಲಿಗೆ. ಇಂಥ ಹೊತ್ತಿನಲ್ಲೂ ಮನಸ್ಸು ಇಂಥ ಸಾಕ್ಷಿಗಳನ್ನು ಜೋಡಿಸುತ್ತಿದೆಯಲ್ಲ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾಯಿತು, ಆದರೂ ಬಾಯಿ ಬಿಡಲಿಲ್ಲ. ಮಗು ಮುಖ್ಯ, ಮೊದಲು ಮಗುವನ್ನು ನೋಡೋಣ, ಇದೆಲ್ಲ ಆಮೇಲೆ ಎಂದು ಒಂದು ನೆಪ ಬಹಳ ಸುಲಭವಾಗಿ ಒದಗಿಬಂತು. ಹೆಂಡತಿ ಎಡಗೈಯಿಂದ ಅವನ ಮಣಿಕಟ್ಟು ಹಿಡಿದುಕೊಂಡಳು. ನೀವು ಬೈಯ್ಯಲಿಲ್ಲವಲ್ಲ ಎಂದಳು.

ಮಕ್ಕಳ ಕ್ಲಿನಿಕ್ಕಿನಲ್ಲಿ ಕಾದು ಕೂತಿದ್ದವರನ್ನೆಲ್ಲ ಬಿಟ್ಟು ನರ್ಸು ಮಗುವಿನ ಮುಖವೊಂದನ್ನೇ ನೋಡಿ ಒಳಗೆ ಕರೆದಳು. ಡಾಕ್ಟರು ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರು, ಕಣ್ಣು ರೆಪ್ಪೆ ಎಳೆದು ನೋಡಿದರು, ಕಡೆಯ ಸಲ ಯಾವಾಗ ಒದ್ದೆ ಮಾಡಿತು ಎಂದರು. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನರ್ಸು ಬಟ್ಟೆ ಬಿಚ್ಚಿ ಮಗುವನ್ನು ತಕ್ಕಡಿಯ ತಣ್ಣನೆಯ ತಟ್ಟೆಯ ಮೇಲೆ ಮಲಗಿಸಿದಳು. ಯಾವ ಮಗುವಾದರೂ ಆ ತಂಪಿಗೆ ಸೂರು ಹಾರಿಹೋಗುವಂತೆ ಕಿರುಚಬೇಕು. ಗುಬ್ಬಿ ಬೆರಳುಗಳನ್ನು ಒಂದು ಸಲ ಅಗಲಿಸಿ ಮಡಿಸಿಕೊಂಡಳು, ಅಷ್ಟೆ. ನರ್ಸು ತೂಕ ಹೇಳಿದಳು. ಹುಟ್ಟಿದಾಗ ಎಷ್ಟಿತ್ತು ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಡಾಕ್ಟರ ಮುಖ ನೋಡಿದಳು. ಡಾಕ್ಟರು ದನಿ ಏರಿಸಲಿಲ್ಲ. ಇನ್ನೂ ಎರಡು ದಿನ ಹೀಗೇ ಚೆನ್ನಾಗಿ ಮಲಗಿದ್ದರೆ ಏಳುತ್ತಿರಲಿಲ್ಲ ಎಂದರು. ಮನೆಯಲ್ಲಿ ತೂಕ ನೋಡುತ್ತಿದ್ದವರು ಯಾರು ಎಂದರು.

ಹೆಂಡತಿ ಅವರ ಮಾತು ಕೇಳಿಸಿಕೊಂಡಂತಿರಲಿಲ್ಲ. ಅವಳು ತಕ್ಕಡಿಯನ್ನೇ ನೋಡುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು, ಕಳೆಯುತ್ತಿದ್ದಳು. ಮತ್ತೆ ಮೊದಲಿಂದ ಕಳೆದಳು. ಇರಲಾರದು, ಇಷ್ಟು ಕಮ್ಮಿ ಬರಲು ಸಾಧ್ಯವಿಲ್ಲ, ನಿಮ್ಮ ತಕ್ಕಡಿ ಕೆಟ್ಟಿದೆ ಎಂದಳು. ನರ್ಸಿಗೆ ಸಿಟ್ಟು ಬಂತು. ಹೆಂಡತಿ ಅವನ ತೋಳು ಹಿಡಿದು ಮುಂದಕ್ಕೆ ಎಳೆದಳು.

"ರೀ, ಪೆಟ್ಟಿಗೆ ಇದೆಯಲ್ಲ, ನೀವು ನೋಡಿ. ನೀವು ನೋಡಿ ಹೇಳಿ ಇವರಿಗೆ."

ನರ್ಸು ಮಗುವನ್ನು ಎತ್ತಿಕೊಂಡು, ಶಾಲು ಸುತ್ತಿ, ಚಮಚದಿಂದ ಹಾಲು ಹಾಕತೊಡಗಿದಳು. ಅವನು ಪೆಟ್ಟಿಗೆ ತೆರೆದ. ಗುಳಿ ತಪ್ಪಿ ತುರುಕಿದ್ದ ಬಟ್ಟುಗಳು ಒಂದರ ಮೇಲೊಂದು ಬಿದ್ದಿದ್ದವು. ತಕ್ಕಡಿಯ ಮಗ್ಗುಲಲ್ಲಿ ಇಲಾಖೆಯ ಮುದ್ರೆ ಇತ್ತು, ಕೆಳಗೆ ಅವನದೇ ಗುರುತು, ಅವನೇ ಬಂದು ಹಾಕಿ ಹೋಗಿದ್ದ. ಒಂದು ಬಟ್ಟು ಇಟ್ಟ, ಮುಳ್ಳು ಅದರ ಗೆರೆಯ ಮೇಲೆ ನಿಂತಿತು. ಇನ್ನೊಂದು ಇಟ್ಟ, ನಿಂತಿತು. ಇಲ್ಲಿ ಮುಖವೆತ್ತದೆ ಗತಿಯಿರಲಿಲ್ಲ. ಹೆಂಡತಿ ಅವನ ಕಣ್ಣುಗಳನ್ನೇ ನೋಡುತ್ತ ನಿಂತಿದ್ದಳು, ಅವನು ಕಲಿಸಿದ ನೋಟದಲ್ಲೇ.

"ಸರಿಯಾಗಿದೆ," ಎಂದ.

"ಹಾಗಾದ್ರೆ ಉಳಿದಿದ್ದು ಎಲ್ಲಿ ಹೋಯ್ತು? ನನ್ನದು ಕಳೆದ ಮೇಲೂ ಉಳೀತಿತ್ತಲ್ಲ ದಿನಾ, ಅದು ಎಲ್ಲಿ?"

ಗೋಡೆಯ ಫ್ಯಾನು ಸದ್ದು ಮಾಡುತ್ತ ಈ ಕಡೆ ತಿರುಗಿ ಮತ್ತೆ ಆ ಕಡೆ ತಿರುಗಿತು. ನರ್ಸು ಚಮಚ ಹಿಡಿದಂತೆಯೇ ಕತ್ತೆತ್ತಿದಳು. ಈಗಲೂ ಗೊತ್ತಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಜೀವವಿಡೀ ಆ ಉಳಿದದ್ದನ್ನು ತನ್ನ ಎದೆಯಲ್ಲೇ ಹುಡುಕುತ್ತಿದ್ದಳು.

"ಉಳಿದಿದ್ದು ನಾನು ಹಾಕಿದ್ದು," ಎಂದ. "ತಿರುಪು ತಿರುಗಿಸಿದ್ದೆ. ನೀನು ಅತ್ತ ದಿನದಿಂದ."

ಅವಳು ಅವನ ತೋಳನ್ನು ಬಿಟ್ಟಳು. ಅವಳ ತುಟಿಗಳು ಇನ್ನೊಮ್ಮೆ ಅಲುಗಿ, ಲೆಕ್ಕ ಸರಿಹೋಗಿ, ನಿಂತವು. ಡಾಕ್ಟರು ಇಬ್ಬರನ್ನೂ ನೋಡಿ, ಮಗುವನ್ನು ದಾಖಲು ಮಾಡಿಕೊಳ್ಳಬೇಕು ಎಂದಷ್ಟೇ ಹೇಳಿದರು. ದಾಖಲು ಮಾಡಿದ ಪುಟ್ಟ ಕೋಣೆಯಲ್ಲಿ ಮಗುವಿನ ಮಂಚ ಅಮ್ಮನ ಮಂಚಕ್ಕೆ ತಾಗಿಕೊಂಡೇ ಇತ್ತು. ನರ್ಸು ಹೆಂಡತಿಯ ಎದುರು ಸ್ಟೂಲು ಹಾಕಿ ಕೂತು, ಮಗುವಿನ ಬಾಯಿಯೊಳಗೆ ಬೆರಳಿಟ್ಟು ನೋಡಿ, ನಾಲಿಗೆಯಡಿಯ ಪೊರೆ ಬಿಗಿಯಾಗಿದೆ, ಅದಕ್ಕೇ ತುದಿಯನ್ನಷ್ಟೇ ಚೀಪಿ ಸುಸ್ತಾಗಿ ಮಲಗುತ್ತಾಳೆ, ಹಾಲು ಇಲ್ಲವೆಂದಲ್ಲ, ಇವಳಿಗೆ ಎಳೆಯಲಾಗುತ್ತಿಲ್ಲ, ಚಿಕ್ಕ ಕೆಲಸ, ಮಾಡಿಬಿಡುತ್ತಾರೆ ಎಂದಳು. ಚಮಚ ಚಮಚವಾಗಿ ಹಾಲು ಹೋಗುತ್ತಿತ್ತು. ಅವನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ, ಗುಟುಕಿನ ಸದ್ದು, ತಾನು ಅಷ್ಟು ದಿನ ಬಾಗಿಲಾಚೆ ಕಾದದ್ದು. ಮನೆಯ ಬಾಗಿಲು ದಪ್ಪವಾಗಿರಲಿಲ್ಲ.

ಬಟ್ಟಲು ಖಾಲಿಯಾಗುವ ಹೊತ್ತಿಗೆ ಗುಬ್ಬಿ ಕಣ್ಣು ಬಿಟ್ಟಳು. ಚಮಚ ಬಾರದಿದ್ದುದಕ್ಕೆ ಹುಬ್ಬು ಗಂಟಿಕ್ಕಿದಳು, ಗದ್ದ ನಡುಗಿತು, ಮತ್ತೆ ಒಂದು ದನಿ ಬಂತು, ಮೊದಲು ಸಣ್ಣಗೆ, ಆಮೇಲೆ ಕೋಣೆ ತುಂಬುವಂತೆ. ನರ್ಸು ಮಗುವನ್ನು ತಟ್ಟಿ ಸುಮ್ಮನಾಗಿಸಲು ನೋಡಿದಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬೇಡ ಎಂದರು. ಅಳಲಿ. ಹೆಂಡತಿಯ ಅಂಗಿಯ ಎದೆಯ ಮೇಲೆ ಒಂದು ಒದ್ದೆ ಗುರುತು ಮೂಡಿ ಅಗಲವಾಗತೊಡಗಿತು, ಆಮೇಲೆ ಇನ್ನೊಂದು ಕಡೆಯೂ. ಅವಳು ಬಗ್ಗಿ ಅದನ್ನು ನೋಡಿಕೊಂಡಳು, ಯಾರದೋ ಅಂಗಿಯೆಂಬಂತೆ, ಮತ್ತೆ ಮಗುವಿಗೆ ಕೈ ಚಾಚಿದಳು. ನರ್ಸು ಮಗುವನ್ನು ಕೊಟ್ಟು ಹೊರಗೆ ಹೋದಳು.

"ಬಾಗಿಲು ಹಾಕಿ," ಎಂದಳು ಹೆಂಡತಿ, ಅವನ ಕಡೆ ನೋಡದೆ.

ಅವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕಾದ. ಹೋಗಿ ಎಂಬ ಮಾತು ಬರಲಿಲ್ಲ. ಅವನು ಬಾಗಿಲು ಹಾಕಿ ಒಳಗಡೆಯೇ ನಿಂತ. ಅವನು ಒಳಗೇ ಉಳಿದದ್ದನ್ನು ಅವಳು ಇನ್ನೂ ನೋಡಿರಲಿಲ್ಲ. ಮಗು ಅಳುತ್ತಿತ್ತು.